ವಾರ್ಡಿನಿಂದ ಲೋಕಸಭೆಗೆ: ಗೋಪಾಲ ಶೆಟ್ಟರ ದಾರಿಯನ್ನು ಬಿಡಿಸಿ ನೋಡೋಣ

ಬೊರಿವಲಿ ಸ್ಲೋ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಮುಂಬಯಿಯ ನಮ್ಮ ಸಂಘಗಳ ಸಭೆಗಳಲ್ಲಿ "ನಮ್ಮವರೊಬ್ಬರು ದಿಲ್ಲಿಗೆ ಹೋಗಬೇಕು" ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ಹೋಗಿಬಂದವರು ಕಣ್ಣೆದುರಿಗೇ ಇದ್ದಾರೆ. ತುಳು ಮೂಲದ ಗೋಪಾಲ ಶೆಟ್ಟರು ಬಿಜೆಪಿಯಿಂದ 1992ರಲ್ಲಿ ಮಹಾನಗರ ಪಾಲಿಕೆಗೆ ಬಂದರು. ಮೂರು ಅವಧಿ ನಗರಸೇವಕ (ಪಾಲಿಕೆ ಸದಸ್ಯ), ಆ ನಡುವೆ ಉಪಮಹಾಪೌರ (ಉಪಮೇಯರ್), 2004 ಮತ್ತು 2009ರಲ್ಲಿ ಬೊರಿವಲಿಯ ಶಾಸಕ, 2014 ಮತ್ತು 2019ರಲ್ಲಿ ಮುಂಬಯಿ ಉತ್ತರದ ಸಂಸದ. 2024ರಲ್ಲಿ ಟಿಕೆಟ್ ಸಿಗಲಿಲ್ಲ.

ಅವರ ಪಕ್ಷ ನಿಮಗೆ ಇಷ್ಟವೋ ಅಲ್ಲವೋ ಎಂಬುದನ್ನು ಇಲ್ಲಿ ಬದಿಗಿಡೋಣ. ಕೇಳಬೇಕಾದ್ದು ಇಷ್ಟು: ಬಲಪಂಥೀಯ ಪಕ್ಷವೊಂದರಲ್ಲಿ ಗಟಾರ, ಗಾರ್ಡನ್ ನೋಡಿಕೊಳ್ಳುತ್ತಿದ್ದ ನಗರಸೇವಕ ಲೋಕಸಭೆವರೆಗೆ ಹೇಗೆ ಏರುತ್ತಾನೆ? ಯಾವ ಮೆಟ್ಟಿಲಲ್ಲಿ ಯಾವ ಕಾಗದ ಬೇಕು, ಎಲ್ಲಿ ಕಾಲು ಜಾರುತ್ತದೆ? ಕಾಯ್ದೆ, ಅಂಕಿ, ಕೆಲಸದ ರೀತಿ ಬಲ್ಲವರು ವಿವರವಾಗಿ ಬರೆಯಿರಿ. ವಾರ್ಡಿನಲ್ಲಿ ಓಡಾಡುತ್ತಿರುವ ನಮ್ಮ ಹುಡುಗರಿಗೆ ಇದು ನಿಜಕ್ಕೂ ಬೇಕಾಗಿದೆ.

ಬೂತ್ ಲೆಕ್ಕ

ಮೊದಲು ಅಳತೆ ಹಿಡಿಯೋಣ. ಅದು ತಪ್ಪಿದರೆ ಮುಂದಿನದೆಲ್ಲ ತಪ್ಪು.

ಪಾಲಿಕೆಯಲ್ಲಿ 227 ವಾರ್ಡು. 2011ರ ಜನಗಣತಿಯ 1.24 ಕೋಟಿಯನ್ನು ಅದಕ್ಕೆ ಭಾಗಿಸಿದರೆ ವಾರ್ಡಿಗೆ ಸುಮಾರು 55,000 ಜನ. ಮುಂಬಯಿಯಲ್ಲಿ ವಿಧಾನಸಭಾ ಕ್ಷೇತ್ರ 36, ಹಾಗಾಗಿ ಒಂದು ಕ್ಷೇತ್ರಕ್ಕೆ ಆರು ವಾರ್ಡಿನ ಮೇಲೆ ಚೂರು. ಲೋಕಸಭಾ ಕ್ಷೇತ್ರ ಆರು, ಅಂದರೆ ಒಂದೊಂದಕ್ಕೆ 38ರ ಆಸುಪಾಸು ವಾರ್ಡು. ಮುಂಬಯಿ ಉತ್ತರದಲ್ಲಿ ಬೊರಿವಲಿ, ದಹಿಸರ್, ಮಾಗಾಠಾಣೆ, ಕಾಂದಿವಲಿ ಪೂರ್ವ, ಚಾರ್ಕೋಪ್, ಮಲಾಡ್ ಪಶ್ಚಿಮ ಸೇರಿ ಸುಮಾರು 18 ಲಕ್ಷ ಮತದಾರರು.

ಎಷ್ಟೇ ಗಟ್ಟಿಗ ನಗರಸೇವಕನಾದರೂ ಅವನ ಮುಖಪರಿಚಯ ಇರುವುದು ಲೋಕಸಭಾ ಕ್ಷೇತ್ರದ ಮೂವತ್ತೆಂಟರಲ್ಲಿ ಒಂದು ಪಾಲಿಗೆ. ಉಳಿದ ಮೂವತ್ತೇಳು ವಾರ್ಡುಗಳಲ್ಲಿ ಅವನ ಪರವಾಗಿ ಬಾಗಿಲು ತಟ್ಟುವವರು ಬೇರೆಯವರೇ. ಅವರು ತಟ್ಟಬೇಕಾದರೆ ಪಕ್ಷದ ಸಂಘಟನೆ ಬೇಕು. ಬಿಜೆಪಿಯಲ್ಲಿ ಅದರ ಕೆಳಗಿನ ಕಣ 'ಪನ್ನಾ ಪ್ರಮುಖ್': ಮತದಾರರ ಪಟ್ಟಿಯ ಒಂದು ಹಾಳೆಗೆ ಒಬ್ಬ ಕಾರ್ಯಕರ್ತ, ಸುಮಾರು ಮೂವತ್ತು ಹೆಸರು. ಅದರ ಮೇಲೆ ಬೂತ್, ನಾಲ್ಕಾರು ಬೂತ್ ಸೇರಿ ಶಕ್ತಿ ಕೇಂದ್ರ, ಅದರ ಮೇಲೆ ಮಂಡಲ. ವಾರ್ಡು ಗೆಲ್ಲುವಾಗ ಈ ಹಾಳೆಗಳು ನಿಮ್ಮ ಕೈಯಲ್ಲಿರುತ್ತವೆ. ಲೋಕಸಭೆಗೆ ನಿಂತಾಗ ಅವು ಪಕ್ಷದ ಕೈಯಲ್ಲಿರುತ್ತವೆ.

ಈಗ ಫಲಿತಾಂಶ ನೋಡಿ. 2009ರಲ್ಲಿ ಇದೇ ಕ್ಷೇತ್ರದಲ್ಲಿ ರಾಮ್ ನಾಯಕ್ ಕಾಂಗ್ರೆಸ್ಸಿನ ಸಂಜಯ್ ನಿರುಪಮ್ ಎದುರು 5,779 ಮತಗಳಲ್ಲಿ ಸೋತರು. ಐದು ಸಲ ಇಲ್ಲಿಂದಲೇ ಸಂಸದರಾಗಿದ್ದವರು ಅವರು. 2014ರಲ್ಲಿ ಗೋಪಾಲ ಶೆಟ್ಟರು ಅದೇ ನಿರುಪಮ್ ಎದುರು 4,46,582 ಅಂತರದಿಂದ ಗೆದ್ದರು. 2019ರಲ್ಲಿ ಊರ್ಮಿಳಾ ಮಾತೋಂಡ್ಕರ್ ಎದುರು ಅಂತರ 4,65,247. ಐದೇ ವರ್ಷದಲ್ಲಿ ಐದು ಸಾವಿರದ ಸೋಲು ನಾಲ್ಕೂವರೆ ಲಕ್ಷದ ಗೆಲುವಾಯಿತು. ಗಟಾರದ ಕೆಲಸ ಒಂದರಿಂದಲೇ ಇಷ್ಟು ದೊಡ್ಡ ತಿರುವು ಬರಲಾರದು.

ಮಾಗಾಠಾಣೆ ಮಾರಾಯ

@ಬೂತ್ ಲೆಕ್ಕ, 2014ರಲ್ಲಿ ಬಿಜೆಪಿ ಅಲೆ ಇತ್ತು, ಒಪ್ಪಿದೆ. ಆದರೆ 2009ರ ಸೋಲಿಗೆ ಬೇರೆ ಎರಡು ಕಾರಣ ಸೇರಿಸಿಕೊಳ್ಳಿ. ಕ್ಷೇತ್ರ ಮರುವಿಂಗಡಣೆಯಾಗಿ ನಡೆದ ಮೊದಲ ಲೋಕಸಭಾ ಚುನಾವಣೆ ಅದು. ರಾಮ್ ನಾಯಕರ ಹಳೆಯ ಕ್ಷೇತ್ರ ವಸಯಿವರೆಗೆ ಚಾಚಿತ್ತು, ಹೊಸದು ದಹಿಸರ್ ಗಡಿಗೇ ನಿಂತಿತು. ಎರಡನೆಯದು ಎಂಎನ್‌ಎಸ್. ಆ ವರ್ಷ ರಾಜ್ ಠಾಕ್ರೆಯವರ ಈ ಪಕ್ಷದ ಅಭ್ಯರ್ಥಿ ಒಂದೂವರೆ ಲಕ್ಷದ ಹತ್ತಿರ ಮತ ಪಡೆದರು. ಮರಾಠಿ ಮತ ಹೀಗೆ ಒಡೆದಾಗ ಐದು ಸಾವಿರದ ಅಂತರ ಯಾವ ಲೆಕ್ಕ ಮಾರಾಯ್ರೆ.

ವಾರ್ಡಿನ ಕೆಲಸಕ್ಕೆ ಬೆಲೆ ಸಿಗುವುದು ಅಂತರದಲ್ಲಿ ಅಲ್ಲ, ಮೊದಲ ಎರಡು ಮೆಟ್ಟಿಲಲ್ಲಿ. ನಗರಸೇವಕನಿಂದ ಶಾಸಕನ ಟಿಕೆಟ್‌ವರೆಗೆ ನಿಮ್ಮನ್ನು ಎತ್ತುವುದು ಅದೇ. 1992, 1997, 2002 ಎಂದು ಸಾಲಾಗಿ ಮೂರು ಪಾಲಿಕೆ ಚುನಾವಣೆ ಗೆದ್ದವನನ್ನು 2004ರಲ್ಲಿ ಶಾಸಕನ ಟಿಕೆಟ್ ಹಂಚುವಾಗ ಪಕ್ಷ ಬಿಟ್ಟುಬಿಡುವುದು ಕಷ್ಟ. ದಿಲ್ಲಿಯ ಮಾತು ಬೇರೆ.

ಕಡತದ ಗಂಟು

ಕಾಗದಪತ್ರದ ವಿಷಯ ನಾನು ಬರೆಯುತ್ತೇನೆ. ಮೂರು ಚುನಾವಣೆಗೆ ಮೂರು ಬಗೆಯ ನಿಯಮ. ಒಂದರ ಅಭ್ಯಾಸವನ್ನು ಇನ್ನೊಂದಕ್ಕೆ ಹಚ್ಚಿದವರು ಪೆಟ್ಟು ತಿನ್ನುತ್ತಾರೆ.

ಪಾಲಿಕೆ: ನಡೆಸುವುದು ರಾಜ್ಯ ಚುನಾವಣಾ ಆಯೋಗ, 1888ರ ಮುಂಬಯಿ ಪಾಲಿಕೆ ಕಾಯ್ದೆಯಡಿ. ವಯಸ್ಸು 21 ಆಗಿರಬೇಕು, ಹೆಸರು ಪಾಲಿಕೆಯ ಮತದಾರರ ಪಟ್ಟಿಯಲ್ಲಿರಬೇಕು. ಠೇವಣಿ ಸಾಮಾನ್ಯ ವರ್ಗಕ್ಕೆ 5,000 ರೂಪಾಯಿ. 2001ರ ಸೆಪ್ಟೆಂಬರ್ 12ರ ನಂತರ ಹುಟ್ಟಿದ ಮಗುವಿನಿಂದ ಮಕ್ಕಳ ಸಂಖ್ಯೆ ಎರಡನ್ನು ದಾಟಿದರೆ ಅನರ್ಹ. ಈ ಎರಡು ಮಕ್ಕಳ ನಿಯಮ ಶಾಸಕ, ಸಂಸದರಿಗಿಲ್ಲ. ಹಾಗಾಗಿ ನಗರಸೇವಕನಾಗಲು ಆಗದವನೂ ಸಂಸದನಾಗಬಹುದು. ಅಕ್ರಮ ಕಟ್ಟಡ ಕಟ್ಟಿದ್ದು ಸಾಬೀತಾದರೂ ನಗರಸೇವಕ ಸ್ಥಾನ ಹೋಗುತ್ತದೆ. ಹೋಟೆಲಿನ ಮುಂದೆ ಹಾಕಿದ ಶೆಡ್, ಮೆಜನೈನ್ ಮಹಡಿ ಇಂಥವನ್ನು ನಾಮಪತ್ರಕ್ಕೆ ವರ್ಷ ಮೊದಲೇ ಸರಿಪಡಿಸಿಕೊಳ್ಳಬೇಕು.

ಹೋಟೆಲ್ ಉದ್ಯಮದವರಿಗೆ ಇನ್ನೊಂದು ಮಾತು. ಪಾಲಿಕೆಯ ಜೊತೆ ಗುತ್ತಿಗೆಯಲ್ಲಿ ಪಾಲು ಇದ್ದರೆ ನಗರಸೇವಕನಾಗುವಂತಿಲ್ಲ. ಪಾಲಿಕೆ ಆಸ್ಪತ್ರೆಯ ಕ್ಯಾಂಟೀನ್ ಗುತ್ತಿಗೆ ಈ ಪ್ರಶ್ನೆ ಎಬ್ಬಿಸುತ್ತದೆ, ಬರೀ ಹೋಟೆಲ್ ಲೈಸೆನ್ಸ್ ಎಬ್ಬಿಸುವುದಿಲ್ಲ. ಲೈಸೆನ್ಸ್ ಬೇರೆ, ಗುತ್ತಿಗೆ ಬೇರೆ. ಶಾಸಕ, ಸಂಸದರಿಗೆ ಇದೇ ಜಾಗದಲ್ಲಿ ಪ್ರಜಾಪ್ರತಿನಿಧಿ ಕಾಯ್ದೆಯ 9ಎ ಕಲಮು ಇದೆ. ಅಲ್ಲಿ ನೋಡುವುದು ಸರ್ಕಾರಕ್ಕೆ ಸರಕು ಪೂರೈಸುವ ಅಥವಾ ಸರ್ಕಾರದ ಕಾಮಗಾರಿ ಮಾಡುವ, ಇನ್ನೂ ಮುಗಿಯದ ಗುತ್ತಿಗೆಯನ್ನು.

ವಿಧಾನಸಭೆ: ವಯಸ್ಸು 25, ರಾಜ್ಯದ ಯಾವುದಾದರೂ ಕ್ಷೇತ್ರದ ಮತದಾರ, ಠೇವಣಿ 10,000. ನಾಮಪತ್ರ 2ಬಿ ನಮೂನೆ.

ಲೋಕಸಭೆ: ವಯಸ್ಸು 25, ದೇಶದ ಯಾವುದೇ ಲೋಕಸಭಾ ಕ್ಷೇತ್ರದ ಮತದಾರನಾದರೆ ಸಾಕು. ಠೇವಣಿ 25,000, ಪರಿಶಿಷ್ಟರಿಗೆ 12,500. ನಾಮಪತ್ರ 2ಎ ನಮೂನೆ. ಚಲಾವಣೆಯಾದ ಮತದಲ್ಲಿ ಆರನೇ ಒಂದು ಪಾಲು ದಾಟದಿದ್ದರೆ ಠೇವಣಿ ಹೋಯಿತು.

ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ (ಹೆಸರು ಸೂಚಿಸಿ ಸಹಿ ಹಾಕುವ ಮತದಾರ) ಸಾಕು, ಪಕ್ಷೇತರನಿಗೆ ಹತ್ತು ಮಂದಿ ಬೇಕು. ಇದನ್ನು ನೆನಪಿಡಿ. ಟಿಕೆಟ್ ಸಿಗಬಹುದು ಎಂಬ ನಂಬಿಕೆಯಲ್ಲಿ ಒಬ್ಬನೇ ಸೂಚಕನ ಸಹಿ ಹಾಕಿಸಿ ನಾಮಪತ್ರ ಕೊಟ್ಟಿರುತ್ತೀರಿ. ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಇವರೇ ನಮ್ಮ ಅಭ್ಯರ್ಥಿ ಎಂದು ಪಕ್ಷ ಕೊಡುವ ಎ ಮತ್ತು ಬಿ ಫಾರ್ಮು ಬರಲಿಲ್ಲ ಎಂದರೆ ನೀವು ಪಕ್ಷೇತರ. ಹತ್ತು ಸೂಚಕರಿಲ್ಲದ ಕಾರಣ ಪರಿಶೀಲನೆಯ ದಿನ ನಾಮಪತ್ರ ಬಿದ್ದುಹೋಗುತ್ತದೆ. ನಾಲ್ಕು ಪ್ರತಿ ಸಲ್ಲಿಸುವ ಅವಕಾಶವಿದೆ. ಅದರಲ್ಲಿ ಒಂದಕ್ಕಾದರೂ ಹತ್ತು ಸಹಿ ಇರಲಿ. ಬಿ ಫಾರ್ಮಿನಲ್ಲಿ ಪಕ್ಷದ ಅಧಿಕೃತ ವ್ಯಕ್ತಿಯ ಸಹಿ ಶಾಯಿಯಲ್ಲೇ ಇರಬೇಕು. ರಬ್ಬರ್ ಸ್ಟಾಂಪ್, ಫ್ಯಾಕ್ಸ್ ಪ್ರತಿ ನಡೆಯದು.

ಆಸ್ತಿ, ಮೊಕದ್ದಮೆಗಳ ವಿವರ ಕೊಡುವ 26ನೇ ನಮೂನೆಯ ಅಫಿಡವಿಟ್ಟಿನಲ್ಲಿ ಒಂದು ಕಾಲಮೂ ಖಾಲಿ ಬಿಡಬಾರದು. 2013ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಖಾಲಿ ಕಾಲಮು ನಾಮಪತ್ರ ತಿರಸ್ಕಾರಕ್ಕೆ ಸಾಕು. ಇಲ್ಲದಿದ್ದರೆ 'ಇಲ್ಲ', ಅನ್ವಯಿಸದಿದ್ದರೆ 'ಅನ್ವಯಿಸುವುದಿಲ್ಲ' ಎಂದು ಬರೆಯಿರಿ. ಗೆರೆ ಎಳೆದು ಬಿಡಬೇಡಿ. ಚುನಾವಣಾ ಖರ್ಚಿನ ಬ್ಯಾಂಕ್ ಖಾತೆ ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮೊದಲೇ ತೆರೆದಿರಬೇಕು.

ಘಾಟ್‌ಕೋಪರ್ ಲೈನ್

ಕಡತದ ಗಂಟು ಸರ್, ಮೀಸಲು ವಾರ್ಡಿನ ವಿಷಯ ಬಿಟ್ಟಿರಿ. ನಮ್ಮವರು ಹೆಚ್ಚು ಎಡವುವುದು ಅಲ್ಲೇ.

ಕಡತದ ಗಂಟು

ಹೌದು, ಅದನ್ನೇ ಬೇರೆಯಾಗಿ ಬರೆಯಬೇಕೆಂದಿದ್ದೆ. ಉಡುಪಿ, ಮಂಗಳೂರು, ವಿಜಯಪುರ, ಕಲಬುರ್ಗಿ ಯಾವ ತಹಶೀಲ್ದಾರರ ಜಾತಿ ಪ್ರಮಾಣಪತ್ರವೂ ಇಲ್ಲಿ ಮೀಸಲು ಸ್ಥಾನಕ್ಕೆ ನಡೆಯುವುದಿಲ್ಲ. ಆ ಜಾತಿ ಮಹಾರಾಷ್ಟ್ರದ ಪಟ್ಟಿಯಲ್ಲಿರಬೇಕು. ಜೊತೆಗೆ ನಿಮ್ಮ ಅಪ್ಪನೋ ಅಜ್ಜನೋ ನಿಗದಿತ ದಿನಕ್ಕೆ ಮೊದಲೇ ಮಹಾರಾಷ್ಟ್ರದಲ್ಲಿ ನೆಲೆಸಿದ್ದರೆಂಬ ದಾಖಲೆ ಬೇಕು. ಪರಿಶಿಷ್ಟ ಜಾತಿಗೆ 10 ಆಗಸ್ಟ್ 1950, ಪರಿಶಿಷ್ಟ ಪಂಗಡಕ್ಕೆ 6 ಸೆಪ್ಟೆಂಬರ್ 1950, ವಿಮುಕ್ತ ಜಾತಿ ಮತ್ತು ಅಲೆಮಾರಿಗಳಿಗೆ 21 ನವೆಂಬರ್ 1961, ಇತರ ಹಿಂದುಳಿದವರಿಗೆ 13 ಅಕ್ಟೋಬರ್ 1967.

ದಾಖಲೆ ಎಂದರೆ ಅಜ್ಜ ಓದಿದ ರಾತ್ರಿ ಶಾಲೆಯ ಬಿಡುಗಡೆ ಪತ್ರ, ಹಳೆ ಬಾಡಿಗೆ ರಸೀದಿ, ಮಿಲ್ಲಿನ ಸೇವಾ ದಾಖಲೆ, ಜನನ ನೋಂದಣಿ. ಇಂಥವು ನಮ್ಮ ಮನೆಗಳ ಟ್ರಂಕಿನಲ್ಲಿ ಇರುತ್ತವೆ. ಎಸೆಯಬೇಡಿ. ಹೆಸರಿನ ಕಾಗುಣಿತ ಒಂದೊಂದು ಕಡೆ ಒಂದೊಂದು ಬಗೆ ಇರುವುದು ನಮ್ಮಲ್ಲಿ ಮಾಮೂಲಿ. ಊರಲ್ಲಿ ತಾಯಿಯ ಮನೆತನದ ಹೆಸರು, ಮುಂಬಯಿಯಲ್ಲಿ ಅಪ್ಪನ ಹೆಸರು ಸೇರಿ ಮೂರು ಪದ. ಇಬ್ಬರೂ ಒಬ್ಬರೇ ಎಂದು ತೋರಿಸುವ ಕೊಂಡಿ ಕಾಗದ ಮೊದಲು ಮಾಡಿಟ್ಟುಕೊಳ್ಳಿ.

ಪ್ರಮಾಣಪತ್ರ ಸಿಕ್ಕಿತೆಂದು ಕೆಲಸ ಮುಗಿಯಲಿಲ್ಲ. ಪರಿಶೀಲನಾ ಸಮಿತಿಯ ಸಿಂಧುತ್ವ ಪತ್ರ, ಇಲ್ಲಿನವರು 'ವ್ಯಾಲಿಡಿಟಿ' ಅನ್ನುವುದು, ಗೆದ್ದ ಮೇಲೆ ಕಾಯ್ದೆ ಕೊಟ್ಟ ಗಡುವಿನೊಳಗೆ ಸಲ್ಲಿಸಬೇಕು. ಇಲ್ಲದಿದ್ದರೆ ಆಯ್ಕೆಯೇ ರದ್ದು. 2017ರಲ್ಲಿ ಗೆದ್ದ ಹಲವು ನಗರಸೇವಕರು ಸ್ಥಾನ ಕಳೆದುಕೊಂಡಿದ್ದು ಹೀಗೇ.

ಇನ್ನು ಲಾಟರಿ. ಅರ್ಧ ವಾರ್ಡುಗಳು ಮಹಿಳೆಯರಿಗೆ. ಯಾವ ವಾರ್ಡು ಯಾರಿಗೆ ಎಂಬುದು ಚೀಟಿ ಎತ್ತಿದಾಗಲೇ ಗೊತ್ತಾಗುವುದು. ಐದು ವರ್ಷ ದುಡಿದ ವಾರ್ಡು ಒಂದೇ ಮಧ್ಯಾಹ್ನದಲ್ಲಿ ಕೈತಪ್ಪಬಹುದು. ಆದ್ದರಿಂದ ಪಕ್ಕದ ಎರಡು ವಾರ್ಡುಗಳಲ್ಲೂ ಮೊದಲಿಂದಲೇ ಕೆಲಸ ಇಟ್ಟುಕೊಂಡವರು ಉಳಿಯುತ್ತಾರೆ.

ಪೊಯಿಸರ್ ದಂಡೆ

ನಗರಸೇವಕನ ಕೆಲಸದ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ. ಗೋಪಾಲ ಶೆಟ್ಟರ ಹೆಸರು ಬೊರಿವಲಿ-ಕಾಂದಿವಲಿಯಲ್ಲಿ ನಿಂತದ್ದು ಗಾರ್ಡನ್‌ಗಳಿಂದ. ಗಾರ್ಡನ್ ಎಂದರೆ ಗಿಡ ನೆಟ್ಟು ನೀರು ಹಾಕುವುದಲ್ಲ. ಪಾಲಿಕೆಯಲ್ಲಿ ಅದು ಆರೇಳು ಗಂಟುಗಳ ಕೆಲಸ.

ಮೊದಲು ಆ ಜಾಗದ ಸಿಟಿ ಸರ್ವೆ ನಂಬರು ಮತ್ತು ಪ್ರಾಪರ್ಟಿ ಕಾರ್ಡ್. ಆಮೇಲೆ ಅಭಿವೃದ್ಧಿ ನಕ್ಷೆಯಲ್ಲಿ ಅದಕ್ಕೆ ಏನು ಮೀಸಲು ಎಂದು ತೋರಿಸುವ 'ಡಿಪಿ ರಿಮಾರ್ಕ್': ಉದ್ಯಾನವೋ, ಆಟದ ಮೈದಾನವೋ, ಮನರಂಜನಾ ಮೈದಾನವೋ. ಮೂರೂ ಬೇರೆ ಬೇರೆ. ಮೈದಾನಕ್ಕೆ ಮೀಸಲಾದಲ್ಲಿ ಕಾರಂಜಿ ಕಟ್ಟಲು ಹೋದರೆ ಕಡತ ವಾಪಸ್ ಬರುತ್ತದೆ. ಮೂರನೆಯದು, ಜಾಗ ಪಾಲಿಕೆಯ ಸ್ವಾಧೀನಕ್ಕೆ ಬಂದಿದೆಯೋ ಇಲ್ಲ ಬರೀ ಕಾಗದದ ಮೀಸಲೋ. ಹೆಚ್ಚಿನವು ಇಲ್ಲೇ ಸಾಯುತ್ತವೆ, ಯಾಕೆಂದರೆ ಮಾಲೀಕನಿಗೆ ದುಡ್ಡೋ ಟಿಡಿಆರೋ (ಬೇರೆಡೆ ಕಟ್ಟಿಕೊಳ್ಳುವ, ಮಾರಬಹುದಾದ ಹಕ್ಕು) ಕೊಡದೆ ಜಾಗ ಬರುವುದಿಲ್ಲ. ನಾಲ್ಕನೆಯದು ಒತ್ತುವರಿ. ಅಲ್ಲಿ ಗುಡಿಸಲು ಇದ್ದರೆ ಯಾರು ಅರ್ಹರು, ಯಾರಿಗೆ ಬದಲಿ ಮನೆ ಎಂಬ ಪಟ್ಟಿ. ಆಮೇಲೆ ಉದ್ಯಾನ ಇಲಾಖೆಯ ಅಂದಾಜು ಪಟ್ಟಿ, ಆಮೇಲೆ ಬಜೆಟ್ಟಿನಲ್ಲಿ ಹಣ. ಪಾಲಿಕೆ ಆಯುಕ್ತರು ಬಜೆಟ್ ಮಂಡಿಸುವುದು ಸಾಮಾನ್ಯವಾಗಿ ಫೆಬ್ರವರಿ ಮೊದಲ ವಾರದಲ್ಲಿ. ನಗರಸೇವಕ ಡಿಸೆಂಬರಿನೊಳಗೆ ಅಂದಾಜನ್ನು ವಾರ್ಡ್ ಕಚೇರಿಯಿಂದ ಮೇಲಕ್ಕೆ ಕಳಿಸಿರದಿದ್ದರೆ ಆ ವರ್ಷ ಹೋಯಿತು.

ಈ ಗಂಟುಗಳನ್ನು ಹತ್ತು ಹನ್ನೆರಡು ವರ್ಷ ಬಿಚ್ಚಿದವನಿಗೆ ಯಾವ ಕಡತ ಯಾವ ಮೇಜಿನ ಮೇಲೆ ಕೂತಿದೆ ಎಂದು ನಿದ್ದೆಗಣ್ಣಲ್ಲೂ ಗೊತ್ತಿರುತ್ತದೆ. ಶಾಸಕನಾದ ಮೇಲೂ ಆ ವಿದ್ಯೆ ಕೆಲಸಕ್ಕೆ ಬರುತ್ತದೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ಬಯಲು ಜಾಗಗಳನ್ನು ಟ್ರಸ್ಟುಗಳಿಗೆ ನಡೆಸಲು ಕೊಡುವ ಪಾಲಿಕೆಯ ದತ್ತು ನೀತಿ ಬಗ್ಗೆ 2016ರಲ್ಲಿ ದೊಡ್ಡ ಗಲಾಟೆಯಾಯಿತು. ಮುಖ್ಯಮಂತ್ರಿಯವರೇ ನೀತಿಗೆ ತಡೆ ಹಾಕಿದರು. ಬೇರೆ ಬೇರೆ ಪಕ್ಷದವರ ಹಿಡಿತದ ಜಾಗಗಳ ಪಟ್ಟಿಯಲ್ಲಿ ಶೆಟ್ಟರೊಡನೆ ನಂಟಿರುವ ಪೊಯಿಸರ್ ಜಿಮ್ಖಾನಾದ ಹೆಸರೂ ಚರ್ಚೆಗೆ ಬಂತು. ಚೆನ್ನಾಗಿ ನಡೆಸಿದ್ದಾರೆ ಎನ್ನುವವರೂ ಇದ್ದರು, ಸಾರ್ವಜನಿಕ ಜಾಗಕ್ಕೆ ಸದಸ್ಯತ್ವದ ಬೇಲಿ ಯಾಕೆ ಎಂದು ಕೇಳಿದವರೂ ಇದ್ದರು. ಎರಡನೆಯ ಪ್ರಶ್ನೆಯೇ ಸರಿ ಎಂದು ನನ್ನ ಅಭಿಪ್ರಾಯ. ವಾರ್ಡಿನ ಕೆಲಸದಿಂದ ಹೆಸರು ಮಾಡುವವರು ಜಾಗದ ಕೀಲಿ ಪಾಲಿಕೆಯ ಕೈಯಲ್ಲೇ ಇರುವಂತೆ ನೋಡಿಕೊಳ್ಳಲಿ.

ಗಟಾರದ್ದೂ ಒಂದು ಮಾತು. ಪೊಯಿಸರ್, ದಹಿಸರ್ ಎರಡೂ ನದಿಗಳು ರಾಷ್ಟ್ರೀಯ ಉದ್ಯಾನದ ಗುಡ್ಡದಿಂದ ಇಳಿಯುತ್ತವೆ. ಹೂಳೆತ್ತುವ ಗಡುವು ಮೇ 31. ಗುತ್ತಿಗೆದಾರನ ಬಿಲ್ಲು ಹೂಳಿನ ತೂಕದ ಮೇಲೆ. ನಗರಸೇವಕ ನೋಡಬೇಕಾದ್ದು ತೂಕದ ಚೀಟಿಯಲ್ಲಿ ಲಾರಿ ನಂಬರು, ಸಮಯ, ಖಾಲಿ ಲಾರಿಯ ತೂಕ ಮೂರೂ ಇದೆಯೇ ಎಂದು. ನಾಲೆಯ ದಂಡೆಯಲ್ಲೇ ಸುರಿದ ಹೂಳು ಮೊದಲ ಮಳೆಗೆ ಮರಳಿ ಒಳಗೆ ಹೋಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಸುರಿದ ಮೇಲೆ ಈ ಊರಿನ ಮತದಾರ ನಾಲೆ ಮರೆತಿಲ್ಲ.

ಪುಣೆ ಪೇಠಿ

ಪುಣೆದಾಗ ಲೆಕ್ಕ ಬ್ಯಾರೆ ಐತ್ರಿ. ಮುಂಬೈದಾಗ ಒಂದು ವಾರ್ಡಿಗೆ ಒಬ್ಬನ ನಗರಸೇವಕ. ಪುಣೆದಾಗ 2017ರಾಗ ಹೆಚ್ಚುಕಡಿಮಿ ಎಲ್ಲಾ ಪ್ರಭಾಗಕ್ಕ (ದೊಡ್ಡ ವಾರ್ಡಿಗೆ) ನಾಲ್ಕು ಮಂದಿ, ಒಟ್ಟು 162 ಜಾಗಾ. ನಾಲ್ಕು ಮಂದಿ ಕೂಡಿ ಆರಿಸಿ ಬಂದಾಗ ರಸ್ತೆ ಯಾರು ಮಾಡಿದ್ರು, ನೀರು ಯಾರು ತಂದ್ರು ಅಂತ ಮಂದಿಗೆ ತಿಳಿಯಂಗಿಲ್ಲ. ಹಿಂಗಾಗಿ ಇಲ್ಲಿ ಒಬ್ಬ ನಗರಸೇವಕ ಇಡೀ ಊರಿಗೆ ಪರಿಚಯ ಆಗಬೇಕಂದ್ರ ಸ್ಥಾಯಿ ಸಮಿತಿ ಅಧ್ಯಕ್ಷನರ ಆಗಬೇಕು, ಮಹಾಪೌರನರ ಆಗಬೇಕು.

ಮುರಳೀಧರ ಮೊಹೋಳ ಅವರದು ಹಂಗ ಆತು. ನಗರಸೇವಕ, ಆಮ್ಯಾಲೆ 2019ರಿಂದ 2022ರ ತನಕಾ ಮಹಾಪೌರ. ನಡುವ ಶಾಸಕನ ಮೆಟ್ಟಲಾ ಹತ್ತಲೇ ಇಲ್ಲ. 2024ರಾಗ ಸೀದಾ ಲೋಕಸಭೆ, 1,23,038 ಮತದಲೆ ಗೆದ್ದು ಕೇಂದ್ರದಾಗ ರಾಜ್ಯ ಮಂತ್ರಿ. ಅದಕ್ಕ ಮುಂಚೆ ಗಿರೀಶ ಬಾಪಟ ಅವರು ಪೂರ್ತಿ ಮೆಟ್ಟಲಾ ಹತ್ತಿದವರು: 1983ಕ್ಕ ನಗರಸೇವಕ, 1995ರಿಂದ ಕಸಬಾ ಪೇಠದಾಗ ಐದು ಸಲ ಶಾಸಕ, 2019ಕ್ಕ ಸಂಸದ. ವಾರ್ಡಿನಿಂದ ದಿಲ್ಲಿಗೆ ಮೂವತ್ತಾರು ವರ್ಷ ಹಿಡೀತು.

ಬಾಪಟ ಅವರು 2023ರ ಮಾರ್ಚ್ 29ಕ್ಕ ತೀರಿಕೊಂಡ್ರು. ಖಾಲಿ ಜಾಗಾಕ್ಕ ಆರು ತಿಂಗಳಾಗ ಉಪಚುನಾವಣೆ ಆಗಬೇಕಂತ ಪ್ರಜಾಪ್ರತಿನಿಧಿ ಕಾಯ್ದೆದ 151ಎ ಕಲಮು ಹೇಳತದ, ಅವಧಿ ಒಂದು ವರ್ಷಕ್ಕಿಂತ ಕಡಿಮಿ ಉಳಿದಿದ್ರ ಬ್ಯಾಡ. ಇಲ್ಲಿ ವರ್ಷದ ಮ್ಯಾಲೆ ಉಳಿದಿತ್ತು. ಆಯೋಗ ಮಾಡಲಿಲ್ಲ. ಮುಂಬೈ ಹೈಕೋರ್ಟ್ ಡಿಸೆಂಬರದಾಗ ಮಾಡ್ರಿ ಅಂತು, ಸುಪ್ರೀಂ ಕೋರ್ಟ್ ಜನವರಿದಾಗ ತಡಿ ಕೊಡ್ತು. ಪುಣೆ ಮಂದಿ ಒಂದು ವರ್ಷದ ಮ್ಯಾಲೆ ಸಂಸದನಿಲ್ಲದ ಕುಂತ್ರು. ಇದು ಸರಿ ಆಗಲಿಲ್ಲ ಅಂತ ಖಡಾಖಡಿ ಹೇಳತೀನಿ.

ಬೊರಿವಲಿ ಸ್ಲೋ

ಪೇಠಿಯವರೇ, ಒಳ್ಳೆಯ ಹೋಲಿಕೆ. ಹಾಗಾದರೆ ಮಧ್ಯದ ಮೆಟ್ಟಿಲು ಹಾರಬಹುದೋ?

ಬೂತ್ ಲೆಕ್ಕ

ಹಾರಬಹುದು. ಮುಂಬಯಿಯಲ್ಲೇ ಉದಾಹರಣೆ ಇದೆ. ಮುಲುಂಡಿನ ನಗರಸೇವಕರಾಗಿದ್ದ ಮನೋಜ್ ಕೋಟಕ್ 2019ರಲ್ಲಿ ಈಶಾನ್ಯ ಮುಂಬಯಿಯಿಂದ ಲೋಕಸಭೆಗೆ ಹೋದರು, ಅಂತರ 2,26,486.

ಈಗ 2024ರ ಮಾರ್ಚ್ 13ರ ಬಿಜೆಪಿ ಪಟ್ಟಿ ತೆಗೆದು ನೋಡಿ. ಎರಡನೆಯ ಪಟ್ಟಿ, 72 ಹೆಸರು. ಮುಂಬಯಿ ಉತ್ತರದಲ್ಲಿ ಶೆಟ್ಟರ ಜಾಗಕ್ಕೆ ಪೀಯೂಷ್ ಗೋಯಲ್. ಈಶಾನ್ಯದಲ್ಲಿ ಕೋಟಕ್ ಜಾಗಕ್ಕೆ ಮಿಹಿರ್ ಕೋಟೇಚಾ. ಪುಣೆಗೆ ಮೊಹೋಳ. ಪಾಲಿಕೆಯಿಂದ ಬಂದ ಇಬ್ಬರು ಸಂಸದರು ಕೆಳಗಿಳಿದದ್ದೂ, ಪಾಲಿಕೆಯಿಂದ ಬಂದ ಒಬ್ಬರು ಮೇಲೆ ಹೋದದ್ದೂ ಒಂದೇ ಪಟ್ಟಿಯಲ್ಲಿ.

ಆಮೇಲೆ ಆದದ್ದು: ಗೋಯಲ್ 3,57,608 ಅಂತರದಿಂದ ಗೆದ್ದರು. ಕೋಟೇಚಾ 29,861ರಿಂದ ಸೋತರು. ಅಭ್ಯರ್ಥಿ ಬದಲಾದರೂ ಉತ್ತರ ಮುಂಬಯಿಯಲ್ಲಿ ಪಕ್ಷ ಗೆಲ್ಲುತ್ತದೆ. ಅದೇ ಕಾರಣಕ್ಕೆ ಅಲ್ಲಿನ ಟಿಕೆಟ್ಟಿನ ಮೇಲೆ ಸ್ಥಳೀಯನಿಗೆ ಹಕ್ಕು ಕಡಿಮೆ. ನನ್ನ ತಿಳಿವಳಿಕೆಯಲ್ಲಿ ಇಡೀ ಚರ್ಚೆಯ ತಿರುಳು ಇದು. ಕ್ಷೇತ್ರ ಎಷ್ಟು ಭದ್ರವೋ ಅಷ್ಟು ಮಂದಿಯ ಕಣ್ಣು ಅದರ ಮೇಲೆ. ನೀವೇ ಕಟ್ಟಿದ ನಾಲ್ಕೂವರೆ ಲಕ್ಷದ ಅಂತರ ನಿಮ್ಮ ಜಾಗವನ್ನು ರಾಷ್ಟ್ರಮಟ್ಟದವರಿಗೆ ಬೇಕಾದ ಜಾಗವಾಗಿ ಮಾಡುತ್ತದೆ. ಗೋಯಲ್ 2010ರಿಂದ ರಾಜ್ಯಸಭೆಯಲ್ಲಿದ್ದ ಕೇಂದ್ರ ಮಂತ್ರಿ. ಅವರ ಮೊದಲ ನೇರ ಚುನಾವಣೆಗೆ ಇಂಥ ಕ್ಷೇತ್ರವೇ ಬೇಕಿತ್ತು.

ಮಾಗಾಠಾಣೆ ಮಾರಾಯ

ಇದನ್ನು ಒಪ್ಪುತ್ತೇನೆ, ಆದರೆ ನೋವಾಗುತ್ತದೆ. ಬೊರಿವಲಿ ವಿಧಾನಸಭೆಯಲ್ಲೂ ಹಾಗೇ ಆಯಿತಲ್ಲ. 2014ರಲ್ಲಿ ವಿನೋದ್ ತಾವ್ಡೆ, 2019ರಲ್ಲಿ ಸುನಿಲ್ ರಾಣೆ, 2024ರಲ್ಲಿ ಸಂಜಯ್ ಉಪಾಧ್ಯಾಯ. ಪ್ರತಿ ಸಲ ಹೊಸ ಹೆಸರು, ಪ್ರತಿ ಸಲ ಗೆಲುವು. ಹೊರಗಿನವರಿಗೇ ಯಾಕೆ ಎಂಬ ಅಸಮಾಧಾನದಿಂದ ಶೆಟ್ಟರು 2024ರ ಅಕ್ಟೋಬರಿನಲ್ಲಿ ಬೊರಿವಲಿಗೆ ಪಕ್ಷೇತರರಾಗಿ ನಾಮಪತ್ರ ಹಾಕಿದರು, ನವೆಂಬರ್ 4ಕ್ಕೆ ವಾಪಸ್ ತೆಗೆದರು. ಮೂವತ್ತು ವರ್ಷ ಒಂದೇ ಪಕ್ಷದಲ್ಲಿದ್ದವರ ಬಂಡಾಯಕ್ಕೆ ಅಷ್ಟೇ ಆಯುಷ್ಯ.

ಕಡತದ ಗಂಟು

ಅಲ್ಲೊಂದು ವಿಧಾನದ ಮಾತು. ಹಿಂತೆಗೆತದ ಕೊನೆಯ ದಿನ ಮಧ್ಯಾಹ್ನ 3ರೊಳಗೆ 5ನೇ ನಮೂನೆ ಚುನಾವಣಾಧಿಕಾರಿಯ ಕೈ ಸೇರಬೇಕು. ಅಭ್ಯರ್ಥಿಯೇ ಕೊಡಬೇಕು, ಇಲ್ಲವೇ ಅವನ ಲಿಖಿತ ಅಧಿಕಾರ ಪಡೆದ ಸೂಚಕನೋ ಚುನಾವಣಾ ಏಜೆಂಟನೋ. ಒಮ್ಮೆ ಕೊಟ್ಟರೆ ಹಿಂದೆ ಪಡೆಯುವಂತಿಲ್ಲ. ಗಡುವು ಮೀರಿದರೆ ಮತಯಂತ್ರದ ಮೇಲೆ ಹೆಸರು ಉಳಿಯುತ್ತದೆ. ಆಮೇಲೆ "ನಾನು ಕಣದಲ್ಲಿಲ್ಲ" ಎಂದು ಹೇಳಿಕೆ ಕೊಟ್ಟರೂ ಮತ ಬೀಳುತ್ತದೆ.

ಫಾರ್ಮ್ 8 ಎಂಬ ಹೆಸರಲ್ಲೂ ಗೊಂದಲ ಉಂಟು. ಮತದಾರರ ನೋಂದಣಿಯಲ್ಲಿ ಫಾರ್ಮ್ 8 ಎಂದರೆ ವಿಳಾಸ ಬದಲಾವಣೆ, ತಿದ್ದುಪಡಿ. ಚುನಾವಣೆ ನಡೆಸುವ ನಿಯಮದಲ್ಲಿ ಫಾರ್ಮ್ 8 ಎಂದರೆ ಚುನಾವಣಾ ಏಜೆಂಟರ ನೇಮಕ. ಮತಗಟ್ಟೆ ಏಜೆಂಟಿಗೆ ಫಾರ್ಮ್ 10, ಎಣಿಕೆ ಏಜೆಂಟಿಗೆ 18.

ಖರ್ಚಿನ ಪುಸ್ತಕವನ್ನೂ ಹೇಳಿಬಿಡುತ್ತೇನೆ. ಲೋಕಸಭೆಗೆ ಮಿತಿ ಈಗ 95 ಲಕ್ಷ, ವಿಧಾನಸಭೆಗೆ 40 ಲಕ್ಷ. ಪಾಲಿಕೆಗೆ 2017ರಲ್ಲಿ 10 ಲಕ್ಷ ಇತ್ತು. ಲೋಕಸಭೆ, ವಿಧಾನಸಭೆಗೆ ಕೊಡುವ ಖಾತೆ ಪುಸ್ತಕದಲ್ಲಿ ಮೂರು ಬಣ್ಣದ ಹಾಳೆ: ದಿನದ ಲೆಕ್ಕಕ್ಕೆ ಬಿಳಿ, ನಗದಿಗೆ ಗುಲಾಬಿ, ಬ್ಯಾಂಕಿಗೆ ಹಳದಿ. ಪ್ರಚಾರದ ಅವಧಿಯಲ್ಲಿ ಮೂರು ಸಲ ಖರ್ಚು ವೀಕ್ಷಕರಿಗೆ ತೋರಿಸಬೇಕು. ಅವರ ಬಳಿ ನಿಮ್ಮ ಹೆಸರಿನ ಇನ್ನೊಂದು ಪುಸ್ತಕವಿರುತ್ತದೆ. ವಿಡಿಯೋ ತಂಡ ನಿಮ್ಮ ಸಭೆಯ ಕುರ್ಚಿ, ಮೈಕು, ಶಾಮಿಯಾನ ಎಣಿಸಿ ದರಪಟ್ಟಿಯಂತೆ ಅದರಲ್ಲಿ ಬರೆದಿರುತ್ತದೆ. ನೀವು 300 ಕುರ್ಚಿ ಬರೆದು ಅವರದು 800 ಇದ್ದರೆ ನೋಟಿಸು ಬರುತ್ತದೆ. ಒಬ್ಬ ವ್ಯಕ್ತಿ ಅಥವಾ ಸಂಸ್ಥೆಗೆ ನಗದಾಗಿ 10,000 ರೂಪಾಯಿಗಿಂತ ಹೆಚ್ಚು ಕೊಡುವಂತಿಲ್ಲ. ಫಲಿತಾಂಶದ 30 ದಿನದೊಳಗೆ ಅಂತಿಮ ಲೆಕ್ಕ ಕೊಡದಿದ್ದರೆ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು. ಸೋತವರು ಬೇಸರದಲ್ಲಿ ಲೆಕ್ಕ ಕೊಡದೆ ಮುಂದಿನ ಪಾಲಿಕೆ, ವಿಧಾನಸಭೆ ಎಲ್ಲ ಕೆಡಿಸಿಕೊಳ್ಳುತ್ತಾರೆ.

ಘಾಟ್‌ಕೋಪರ್ ಲೈನ್

ಸಂಸದರಾದ ಮೇಲೆ ಏನು? ಎಂಪಿ ಆದವರೂ ಗಟಾರಕ್ಕೇ ಓಡಾಡುತ್ತಾರೆ ಎಂಬ ದೂರು ಕೇಳುತ್ತೇವೆ.

ದಿಲ್ಲಿ ಟಪಾಲು

ದೂರಲ್ಲಿ ಸತ್ಯವಿದೆ. ಸಂಸದನಿಗೆ ಪಾಲಿಕೆಯ ಸಭೆಯಲ್ಲಿ ಮತವಿಲ್ಲ. ಅವನ ಕೈಯಲ್ಲಿ ಇರುವುದು ಎರಡು: ನಿಧಿ ಮತ್ತು ಪ್ರಶ್ನೆ.

ಸಂಸದರ ನಿಧಿ ವರ್ಷಕ್ಕೆ 5 ಕೋಟಿ. 18 ಲಕ್ಷ ಮತದಾರರಿಗೆ ಹಂಚಿದರೆ ತಲೆಗೆ 28 ರೂಪಾಯಿ. ಕೋವಿಡ್ ಕಾಲದಲ್ಲಿ 2020ರ ಏಪ್ರಿಲಿನಿಂದ ಅದೂ ನಿಂತಿತ್ತು. ಈ ದುಡ್ಡಲ್ಲಿ ಕ್ಷೇತ್ರ ಬದಲಾಗದು.

ಪ್ರಶ್ನೆಯೇ ನಿಜವಾದ ಆಯುಧ. ಕನಿಷ್ಠ 15 ದಿನ ಮುಂಚೆ ನೋಟಿಸು. ಒಂದು ದಿನದ ಪಟ್ಟಿಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆ 20, ಚುಕ್ಕೆಯಿಲ್ಲದವು 230. ಚುಕ್ಕೆ ಪ್ರಶ್ನೆಗೆ ಮಂತ್ರಿ ನಿಂತು ಉತ್ತರಿಸಬೇಕು, ಉಪಪ್ರಶ್ನೆ ಕೇಳಬಹುದು. ಆದರೆ ಇಪ್ಪತ್ತರಲ್ಲಿ ಬಾಯಿಮಾತಿಗೆ ಬರುವುದು ಮೊದಲ ನಾಲ್ಕಾರು ಮಾತ್ರ. ಹೆಸರು ಚೀಟಿಯಲ್ಲಿ ಮೇಲೆ ಬರಲಿಲ್ಲವೆಂದರೆ ಶೂನ್ಯವೇಳೆ (ತುರ್ತು ವಿಷಯ ಎತ್ತುವ ಹೊತ್ತು), ಇಲ್ಲವೇ 377ನೇ ನಿಯಮ (ವಿಷಯವನ್ನು ಬರೆದುಕೊಟ್ಟು ಸದನದ ಮುಂದಿಡುವುದು). 377ರ ಅನುಕೂಲವೆಂದರೆ ಮಂತ್ರಾಲಯದಿಂದ ಲಿಖಿತ ಉತ್ತರ ಬರುತ್ತದೆ, ಅದನ್ನು ಕಡತದಲ್ಲಿ ಇಟ್ಟುಕೊಂಡು ಬೆನ್ನು ಹತ್ತಬಹುದು.

ಹಳೆಯ ನಗರಸೇವಕ ಇಲ್ಲಿ ಗೆಲ್ಲುವುದು ಯಾವಾಗ ಎಂದರೆ, ಗಲ್ಲಿಯ ಸಮಸ್ಯೆಯ ಬೇರು ಕೇಂದ್ರದ ಕಾಗದದಲ್ಲಿ ಇರುವುದನ್ನು ಹಿಡಿದಾಗ. ಕಾಂದಿವಲಿಯ ಸಿಓಡಿ, ಸೇನೆಯ ಶಸ್ತ್ರಾಸ್ತ್ರ ಡಿಪೋ, ಇದರ ಸುತ್ತಲಿನ ಹಳೆ ಕಟ್ಟಡಗಳ ಮರುನಿರ್ಮಾಣ ನಿಂತದ್ದು ಪಾಲಿಕೆಯಿಂದಲ್ಲ, ರಕ್ಷಣಾ ಸಚಿವಾಲಯದ 2011ರ ಸುತ್ತೋಲೆಯಿಂದ. ಗೋರಾಯಿ, ಮನೋರಿಯಲ್ಲಿ ಮನೆ ರಿಪೇರಿಗೂ ಅಡ್ಡ ಬರುವುದು ಕರಾವಳಿ ನಿಯಂತ್ರಣದ ಕೇಂದ್ರ ಅಧಿಸೂಚನೆ. ಬೊರಿವಲಿ ಸ್ಟೇಷನ್ನಿನ ಮೇಲ್ಸೇತುವೆ, ಆರನೇ ಹಳಿ ಎಲ್ಲ ರೈಲ್ವೆ. ಇವುಗಳಲ್ಲಿ ನಗರಸೇವಕ ಹತ್ತು ವರ್ಷ ಪತ್ರ ಬರೆದರೂ ಆಗದ್ದು ಸಂಸತ್ತಿನ ಒಂದು ಪ್ರಶ್ನೆಗೆ ಅಲುಗುತ್ತದೆ. ಪ್ರಶ್ನೆಯಲ್ಲಿ ಸುತ್ತೋಲೆಯ ದಿನಾಂಕ ಇರಬೇಕು ಅಷ್ಟೇ. "ಜನರಿಗೆ ತೊಂದರೆಯಾಗಿದೆ, ಸರ್ಕಾರಕ್ಕೆ ತಿಳಿದಿದೆಯೇ" ಎಂದು ಕೇಳಿದರೆ "ಪರಿಶೀಲನೆಯಲ್ಲಿದೆ" ಎಂಬ ಉತ್ತರ ಬಂದು ಮುಗಿಯುತ್ತದೆ.

ಶಾಸಕನಾಗಿದ್ದು ಲೋಕಸಭೆಗೆ ಗೆದ್ದವರು ಇದನ್ನೂ ಗಮನಿಸಿ: ಗೆಜೆಟ್ ಪ್ರಕಟಣೆಯ 14 ದಿನದೊಳಗೆ ಶಾಸಕ ಸ್ಥಾನ ಬಿಡಬೇಕು. ಬಿಡದಿದ್ದರೆ ಹೋಗುವುದು ಲೋಕಸಭೆಯ ಸ್ಥಾನ. ಹಲವರು ಶಾಸಕ ಸ್ಥಾನ ಹೋಗುತ್ತದೆ ಅಂದುಕೊಂಡಿದ್ದಾರೆ.

ಮಾಟುಂಗ ಪೂರ್ವ

ಒಂದು ಹಳೆಯ ಕೊಂಡಿ ಸೇರಿಸುತ್ತೇನೆ. ಪಾಲಿಕೆಯಿಂದ ಸಂಸತ್ತಿಗೆ ಹೋದ ನಮ್ಮ ಕಡೆಯವರಲ್ಲಿ ಜಾರ್ಜ್ ಫರ್ನಾಂಡಿಸ್ ಮೊದಲು ನೆನಪಾಗುತ್ತಾರೆ. ಮಂಗಳೂರಿನವರು, ಸಮಾಜವಾದಿ, 1961ರಿಂದ ಪಾಲಿಕೆ ಸದಸ್ಯ. 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದರು. ಆ ಪಾಟೀಲರೂ ಪಾಲಿಕೆಯವರೇ, ಮೂರು ಸಲ ಮೇಯರ್ ಆಗಿದ್ದವರು, ಕಾಂಗ್ರೆಸ್ಸಿನೊಳಗಿನ ಬಲಪಂಥೀಯ ದನಿ. ಎಡ, ಬಲ ಎರಡೂ ಕಡೆಯವರನ್ನು ತಯಾರು ಮಾಡಿದ ಗರಡಿ ಅದೇ ಪಾಲಿಕೆ ಕಟ್ಟಡ. ಅಂಥ ಸಭೆ 2022ರ ಮಾರ್ಚ್ 7ರಿಂದ ಸುಮಾರು ನಾಲ್ಕು ವರ್ಷ ನಗರಸೇವಕರಿಲ್ಲದೆ ಆಡಳಿತಗಾರರ ಕೈಯಲ್ಲಿತ್ತು. ಒಂದು ಇಡೀ ತಲೆಮಾರಿನ ಕಾರ್ಯಕರ್ತರಿಗೆ ಮೊದಲ ಮೆಟ್ಟಿಲೇ ಇರಲಿಲ್ಲ.

ಬೊರಿವಲಿ ಸ್ಲೋ

ಎಲ್ಲರಿಗೂ ಧನ್ಯವಾದ. ಕೊನೆಯದಾಗಿ: ಇವತ್ತು 22, 23 ವಯಸ್ಸಿನ ನಮ್ಮ ಹುಡುಗಿಯೋ ಹುಡುಗನೋ ಮೊದಲು ಮಾಡಬೇಕಾದ ಕೆಲಸ ಯಾವುದು?

ಬೂತ್ ಲೆಕ್ಕ

ನಿಮ್ಮ ವಿಧಾನಸಭಾ ಕ್ಷೇತ್ರದ ಫಾರ್ಮ್ 20 ಇಳಿಸಿಕೊಳ್ಳಿ. ಬೂತ್‌ವಾರು ಮತ ಅದರಲ್ಲಿದೆ. ನಿಮ್ಮ ವಾರ್ಡಿನ ಬೂತುಗಳನ್ನು ಮಾತ್ರ ಬೇರೆ ಮಾಡಿ, ಮತದಾರರ ಪಟ್ಟಿಯ ಭಾಗಗಳ ಜೊತೆ ಇಟ್ಟು ಓದಿ. ಯಾವ ಚಾಳು, ಯಾವ ಸೊಸೈಟಿ ಎಂದು ಗೊತ್ತಾಗುತ್ತದೆ. ಆಮೇಲೆ ಪಟ್ಟಿ ಹಿಡಿದು ಮನೆಗಳಿಗೆ ಹೋಗಿ. ತೀರಿಕೊಂಡವರ ಹೆಸರಿಗೆ ಫಾರ್ಮ್ 7, ಮನೆ ಬದಲಿಸಿದವರಿಗೆ ಫಾರ್ಮ್ 8, 18 ತುಂಬಿದವರಿಗೆ ಫಾರ್ಮ್ 6. ಅರ್ಹತಾ ದಿನ ಈಗ ವರ್ಷಕ್ಕೆ ನಾಲ್ಕು: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1.

ಕಡತದ ಗಂಟು

ಅದರ ಜೊತೆಗೆ ಪಾಲಿಕೆ ಚುನಾವಣೆಗೆ ಮುನ್ನ ವಾರ್ಡುವಾರು ಕರಡು ಪಟ್ಟಿ ಬಂದಾಗ ಕಣ್ಣಿಡಿ. ವಿಧಾನಸಭೆಯ ಪಟ್ಟಿಯನ್ನು ವಾರ್ಡುಗಳಿಗೆ ಒಡೆಯುವಾಗ ರಸ್ತೆಯ ಒಂದು ಬದಿಯ ಕಟ್ಟಡವೇ ಪಕ್ಕದ ವಾರ್ಡಿಗೆ ಹೋಗಿರುತ್ತದೆ. ಆಕ್ಷೇಪಕ್ಕೆ ಕೊಡುವುದು ಕೆಲವೇ ದಿನ. ಕಟ್ಟಡದ ಹೆಸರು, ಪಟ್ಟಿಯ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಎಲ್ಲಿಂದ ಎಲ್ಲಿವರೆಗೆ ಎಂದು ಬರೆದು, ವಾರ್ಡ್ ಗಡಿಯ ನಕ್ಷೆಯಲ್ಲಿ ಆ ಕಟ್ಟಡಕ್ಕೆ ಗುರುತು ಹಾಕಿ, ವಾರ್ಡ್ ಕಚೇರಿಯ ಚುನಾವಣಾ ವಿಭಾಗದಲ್ಲಿ ಕೊಟ್ಟು ಮೊಹರು ಹಾಕಿಸಿದ ಪ್ರತಿ ಇಟ್ಟುಕೊಳ್ಳಿ. ಅರ್ಜಿ ಮರಾಠಿಯಲ್ಲಿರಲಿ.